ಪಕ್ಕದ ಗದ್ದೆಯ ಹಸಿರು

ಕಿರಿಯ ಅಳಿಯನನ್ನು ಕಂಡರೆ ಹಿರಿಯ ಅಳಿಯನಿಗೆ ಮೈಯೆಲ್ಲ ಉರಿ. ಅಕ್ಕನನ್ನು ಇವನು, ತಂಗಿಯನ್ನು ಅವನು ಮದುವೆಯಾಗಿದ್ದರು. ಗದ್ದೆಗಳೂ ಒಂದೇ ಬದುವಿನ ಆಚೆ ಈಚೆ. ಮಾವ ಇವನನ್ನು ‘ಬಾಪ್ಪ’ ಎಂದರೆ ಅವನನ್ನು ‘ಬಾ ಮಗನೇ’ ಎನ್ನುತ್ತಿದ್ದ. ಸಾಲದ್ದಕ್ಕೆ ಈ ಸಲ ಮಂಡಿನೋವಿನ ಮಾವ ಹೊಸ ತಲೆನೋವು ತಂದಿಟ್ಟ.

"ನನ್ನ ಕೈಲಿನ್ನು ಆಗಲ್ಲ. ಈ ಸಲ ಯಾರ ಬೆಳೆ ಚೆನ್ನಾಗಿ ಬರುತ್ತೋ, ಕಾಲುವೆ ಪಕ್ಕದ ನನ್ನ ಗದ್ದೆ ಇನ್ಮೇಲೆ ಅವರು ಮಾಡ್ಲಿ."

ನಾಟಿಗೆ ಆಳು ಸಿಗದೆ ಇಬ್ಬರೂ ನೇರವಾಗಿ ಭತ್ತ ಬಿತ್ತುವವರಿದ್ದರು. ಹಿರಿಯ ಅಳಿಯ ಇನ್ನೂ ಬೀಜ ಹಸನು ಮಾಡುತ್ತಿದ್ದ. ಒಂದು ಬೆಳಗ್ಗೆ ನೋಡುತ್ತಾನೆ, ಪಕ್ಕದ ಗದ್ದೆ ಹಚ್ಚಗೆ! ಹೇಳದೆ ಕೇಳದೆ ಬಿತ್ತಿಬಿಟ್ಟನಲ್ಲ ಎಂದು ಹೊಟ್ಟೆಗೆ ಬೆಂಕಿ ಬಿತ್ತು.

"ರೀ, ಅದು ಭತ್ತವೋ ಹುಲ್ಲೋ, ಇಳಿದು ನೋಡಿ," ಎಂದಳು ಹೆಂಡತಿ.

"ಅವನ ಗದ್ದೆಗೆ ನಾನ್ಯಾಕೆ ಕಾಲಿಡ್ಲಿ?"

ಉತ್ತಿಟ್ಟ ಗದ್ದೆಗೆ ಅಂದೇ ಬೀಜ ಎರಚಿ ನೀರು ಹಾಯಿಸಿದ. ಇವನದು ಹಸಿರೇಳುವ ಹೊತ್ತಿಗೆ ಕಿರಿಯವನು ಟ್ರ್ಯಾಕ್ಟರ್ ತಂದು ತನ್ನ ಹಸಿರನ್ನೆಲ್ಲ ಮಗುಚಿಹಾಕಿದ. ತಲೆ ಕೆಟ್ಟಿರಬೇಕು ಎಂದುಕೊಂಡ ಹಿರಿಯ ಅಳಿಯ ಆವತ್ತು ಎರಡು ತುತ್ತು ಹೆಚ್ಚೇ ಉಂಡ.

ತಲೆ ನೆಟ್ಟಗೇ ಇತ್ತು. ಕಿರಿಯವನು ಮೊದಲು ನೀರು ಬಿಟ್ಟು ಕಳೆಯನ್ನೆಲ್ಲ ಮೊಳೆಯಿಸಿ, ಉತ್ತು ಕೊಂದು, ಆಮೇಲೆ ಬಿತ್ತಿದ್ದ. ಅವನ ಗದ್ದೆಯಲ್ಲಿ ಭತ್ತವೇ ಭತ್ತ. ಇವನ ಗದ್ದೆಯಲ್ಲಿ ಭತ್ತ, ಹುಲ್ಲು ಅವಳಿಗಳ ಹಾಗೆ ಒಟ್ಟಿಗೇ ಎದ್ದಿದ್ದವು. ಅಷ್ಟು ಹಸಿರು ನೋಡಿ ಬೀಗುವುದರಲ್ಲೇ ಕಳೆನಾಶಕ ಹೊಡೆಯುವ ಹೊತ್ತೂ ಮೀರಿತ್ತು. ಗಂಡ ಹೆಂಡತಿ ಸೊಂಟ ಮುರಿಯುವಂತೆ ಕಿತ್ತರೂ ಕಳೆ ಮುಗಿಯಲಿಲ್ಲ.

ಮಾವ ಕೋಲೂರಿಕೊಂಡು ಬಂದು ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿದ.

"ಕಾಲುವೆ ಪಕ್ಕದ್ದು ಚಿಕ್ಕವನು ಮಾಡ್ಲಿ ಬಿಡಪ್ಪ," ಎಂದು ಹೊರಟುಹೋದ.

ಕಿರಿಯವನು ಪಂಚೆ ಎತ್ತಿಕಟ್ಟಿ ಕಳೆ ಕೀಳಲು ಇವನ ಗದ್ದೆಗೇ ಇಳಿದ. ಹಿರಿಯ ಅಳಿಯ ಮುಖ ತಿರುಗಿಸಿದ.

"ಅಣ್ಣ, ಒಂದು ಮಾತು ಹೇಳ್ಲಾ? ನಿಮ್ಮದು ಹಸಿರಾಗಿ ನನ್ನದು ಬೋಳಾಗಿದ್ದಾಗ ನಂಗೆ ಸಿಕ್ಕಾಪಟ್ಟೆ ಹೊಟ್ಟೆಕಿಚ್ಚಾಗಿತ್ತು. ಉಳೋದು ಬಿಟ್ಟು ಮೊದಲೇ ಬಿತ್ತಬೇಕಿತ್ತು ಅಂತ ನಿದ್ದೆನೇ ಬರ್ತಿರಲಿಲ್ಲ."

ಹಿರಿಯ ಅಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗದ್ದೆ ಹೋದರೆ ಹೋಗಲಿ, ಇವನಿಗೂ ನನ್ನನ್ನು ಕಂಡು ಉರಿದಿತ್ತಲ್ಲ!

"ನಿಜವಾಗ್ಲೂ ಹೊಟ್ಟೆ ಉರೀತಾ?"

"ಹೂಂ ಅಣ್ಣ. ಆಮೇಲೆ ಈ ಕಳೆ ನೋಡಿ ಪಾಪ ಅನ್ನಿಸ್ತು."

ಪಾಪವಂತೆ! ಹಿರಿಯ ಅಳಿಯನ ಕಿವಿ ಬಿಸಿಯಾಯಿತು. ಸಿಟ್ಟಿನಲ್ಲಿ ಕಾಲ ಬಳಿಯಿದ್ದ ಬುಡವೊಂದನ್ನು ಕಿತ್ತು ಬದುವಿನಾಚೆ ಎಸೆದ.

"ಅಣ್ಣ, ಅದು ಭತ್ತ," ಎಂದ ಕಿರಿಯವನು, ಮೆತ್ತಗೆ.