ಡಬ್ಬಿಯ ಮೇಲಿನ ಹೆಸರು

"ಸಾವಂತ್ ಕಾಕಾ, ನಿಮ್ಮದು ಆಯ್ತು. ಇವತ್ತು ಖಾರ ಜಾಸ್ತಿ, ಮನೆಯಲ್ಲಿ ಕಾಕೂ ಬೈದರೆ ನಾನಿಲ್ಲ" ಎಂದು ಸೇವಂತಿ ಮರಾಠಿಯಲ್ಲಿ ಹೇಳಿ ಸ್ಟೀಲ್ ಡಬ್ಬಿಯನ್ನು ಮುಂದೆ ತಳ್ಳಿದಳು. ಸಾಲಿನಲ್ಲಿದ್ದವರು ನಕ್ಕರು. ಪಕ್ಕದಲ್ಲಿ ವಡೆ ಜೋಡಿಸುತ್ತಿದ್ದ ಕೊರಗಪ್ಪನಿಗೆ ಮೈ ಉರಿಯಿತು.

ವಿಕ್ರೋಳಿ ಸ್ಟೇಷನ್ ಹತ್ತಿರದ ಆ ಹೋಟೆಲಿನ ಪಾರ್ಸೆಲ್ ಕೌಂಟರು ಇಪ್ಪತ್ತೆರಡು ವರ್ಷ ಅವನದಾಗಿತ್ತು. ತೆಳು ಪ್ಲಾಸ್ಟಿಕ್ ಚೀಲಕ್ಕೆ ಬಿಸಿ ಸಾಂಬಾರು ಸುರಿದು, ಬಾಯಿ ತಿರುಚಿ, ನೂಲು ಸುತ್ತಿ ಹರಿಯಲು ಮೂರು ಸೆಕೆಂಡು ಸಾಕಿತ್ತು. ಅವನು ಕಟ್ಟಿದ್ದು ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಸೋರುತ್ತಿರಲಿಲ್ಲ. ಮುನ್ಸಿಪಾಲ್ಟಿಯವರು ಒಮ್ಮೆ ಪ್ಲಾಸ್ಟಿಕ್ ತಪಾಸಣೆಗೆ ಬಂದುಹೋದ ಮೇಲೆ ಧಣಿ ಸುಕೇಶ್ ಚೀಲ ನಿಲ್ಲಿಸಿದ. ಪಾರ್ಸೆಲ್ ಬೇಕಾದವರು ಮನೆಯಿಂದ ಡಬ್ಬಿ ತರಬೇಕು. ಡಬ್ಬಿಗೆ ಸಾಂಬಾರು ಸುರಿಯಲು ಯಾವ ಕೈಚಳಕವೂ ಬೇಡ. ಪಾತ್ರೆ ತೊಳೆಯುತ್ತಿದ್ದ ಸೇವಂತಿಯನ್ನು ತಂದು ಅಲ್ಲಿ ನಿಲ್ಲಿಸಿದ.

"ಈ ತಿಂಗಳು ಇಬ್ರೂ ನಿಲ್ಲಿ. ಗಿರಾಕಿಗಳಿಗೆ ಯಾರು ಹೊಂದ್ತಾರೆ ನೋಡುವ. ಇನ್ನೊಬ್ರು ಒಳಗೆ ಕಾಯಿ ತುರಿಯುದು" ಎಂದಿದ್ದ ಸುಕೇಶ್.

ಅಂದಿನಿಂದ ಕೊರಗಪ್ಪ ಅವಳೊಡನೆ ಮಾತು ಬಿಟ್ಟ. ಹದಿನೈದೇ ದಿನದಲ್ಲಿ ಇವಳಿಗೆ ಇಷ್ಟು ಜನರ ಹೆಸರು ಹೇಗೆ ಗೊತ್ತು? ಅವನಂತೂ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ಇವತ್ತು ಸಾವಂತ್ ಕಾಕಾನ ಡಬ್ಬಿ ನೋಡಿದಾಗ ಗುಟ್ಟು ತಿಳಿಯಿತು. ಪಾತ್ರೆ ಕೊಳ್ಳುವಾಗ ಅಂಗಡಿಯಲ್ಲಿ ಕೊರೆಸುವ ಹೆಸರು ಅದರ ಹೊಟ್ಟೆಯ ಮೇಲಿತ್ತು. ಓದಿ ಕೂಗುವುದು, ಅಷ್ಟೇ. ಇಷ್ಟಕ್ಕೆ ಇಷ್ಟು ಮೆರೆದಾಟ.

ಸೇವಂತಿ ಚಹಾಕ್ಕೆಂದು ಒಳಗೆ ಹೋದಳು. ಅವಳು ಸಾಲಿನವರಿಂದ ತೆಗೆದಿಟ್ಟಿದ್ದ ಡಬ್ಬಿಗಳಲ್ಲಿ ಮೊದಲನೆಯದನ್ನು ಕೊರಗಪ್ಪ ತುಂಬಿಸಿದ. ಸ್ಟೇಷನ್ ಬೋರ್ಡು ನೋಡಿ ಕಲಿತ ಹಿಂದಿ ಅಕ್ಷರಗಳನ್ನು ಕೂಡಿಸಿ ಓದಿದ. ಗಲ್ಲಾದಲ್ಲಿದ್ದ ಸುಕೇಶನಿಗೂ ಕೇಳುವಂತೆ ಕೂಗಿದ: "ಶೈಲಾ ಮೇಡಂ! ಶೈಲಾ ಮೇಡಂ ಕೌನ್ ಹೈ?"

ಫ್ಯಾಕ್ಟರಿಯ ಖಾಕಿ ಅಂಗಿ ತೊಟ್ಟ, ಐವತ್ತು ದಾಟಿದ ಒಬ್ಬ ಕೈ ಚಾಚಿದ.

"ಆಪ್ ಶೈಲಾ?" ಎಂದ ಕೊರಗಪ್ಪ. "ಮೇಡಂ ಮನೆಯಲ್ಲಿ ಟಿವಿ ನೋಡ್ತಾ ಕೂತು ನಿಮ್ಮನ್ನು ಓಡಿಸಿದರಾ?" ಎಂದೂ ಹಿಂದಿಯಲ್ಲಿ ಸೇರಿಸಿದ.

ಸಾಲು ಗೊಳ್ಳೆಂದು ನಕ್ಕಿತು. ಸುಕೇಶ್ ತಲೆಯೆತ್ತಿ ನೋಡಿದ. ಕೊರಗಪ್ಪ ಸೆಟೆದು ನಿಂತ.

"ಬೀವಿ ಥೀ" ಎಂದ ಆ ಮನುಷ್ಯ.

ಹೈ ಎನ್ನಲಿಲ್ಲ, ಥೀ ಎಂದ. ಹೆಂಡತಿ ಇದ್ದಳು. ನಗು ಒಬ್ಬೊಬ್ಬರದಾಗಿ ನಿಂತಿತು. ಡಬ್ಬಿ ಇನ್ನೂ ಕೊರಗಪ್ಪನ ಕೈಯಲ್ಲೇ ಇತ್ತು, ಬಿಸಿಗೆ ಬೆರಳು ಸುಡುತ್ತಿತ್ತು. ಒಳಗಿನಿಂದ ಬಂದ ಸೇವಂತಿ ಅದನ್ನು ತೆಗೆದುಕೊಂಡು, ಮುಚ್ಚಳ ಒತ್ತಿ ಆತನಿಗೆ ಕೊಟ್ಟಳು. ಆತ ಜನರ ನಡುವೆ ದಾರಿ ಮಾಡಿಕೊಂಡು ಸ್ಟೇಷನ್ ಕಡೆ ಹೋದ.

"ನಿಂಗೆ ಗೊತ್ತಿತ್ತಾ?" ಕೊರಗಪ್ಪ ಸಣ್ಣ ದನಿಯಲ್ಲಿ ಕೇಳಿದ.

"ಮೊದಲ್ನೇ ದಿನವೇ ಹೆಸರು ಕೇಳಿದ್ದೆ, ಆಗ ಹೇಳಿದ್ರು. ಎಲ್ಲರ ಹತ್ರವೂ ಕೇಳ್ತೇನೆ."

"ಓದುದಲ್ವಾ ನೀನು?"

"ನಂಗೆ ಹಿಂದಿ ಓದ್ಲಿಕ್ಕೆ ಎಲ್ಲಿ ಬರ್ತದೆ?"

"ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೀವು ಮಾತಾಡಿದ್ರೆ ಅಲ್ವಾ ಹೇಳುದು, ಕೊರಗಪ್ಪಣ್ಣ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದನ್ನೂ ಅವನಿಗೆ ಸಹಿಸಲಾಗಲಿಲ್ಲ. ಎಲ್ಲರೆದುರು ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಕೊರಗಪ್ಪಣ್ಣ, ಒಳಗೆ ಕಾಯಿ ಉಂಟು" ಎಂದ ಸುಕೇಶ್, ಗಲ್ಲಾದಿಂದ ಕಣ್ಣೆತ್ತದೆ.

ಕೊರಗಪ್ಪ ಕೈ ಒರೆಸಿಕೊಂಡ. ಸಾಲಿನಲ್ಲಿ ಮುಂದಿದ್ದ ಹೆಂಗಸು ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಅವನತ್ತ ಒಮ್ಮೆ ನೋಡಿ, ಹೆಸರು ತನ್ನ ಕಡೆಗೆ ಬರುವಂತೆ ತಿರುಗಿಸಿದಳು.