ಹೊಗೆಗೆ ಬಾಗಿದ ಅರ್ಧ ಕೋಲು

ನಾನು ಹೇಝಲ್ ಮರದ ಕೋಲೊಂದರ ಅರ್ಧ ಸೀಳು. ನೂರಾರು ವರ್ಷಗಳ ಹಿಂದೆ, ಇಂಗ್ಲೆಂಡಿನ ಒಂದು ಸಣ್ಣ ಪೇಟೆಯಲ್ಲಿ, ಓದುಬರಹ ಬಾರದ ಇಬ್ಬರು ಗಂಡಸರ ನಡುವೆ ಹುಟ್ಟಿದೆ. ಹ್ಯಾಮಂಡ್ ಎಂಬ ಕುರಿಗಾರ ಉಣ್ಣೆ ಕೊಟ್ಟ. ವರ್ತಕ ಥರ್‌ಸ್ಟನ್ ಅದರ ಬೆಲೆ ಆರು ಪೌಂಡು ಹಣ ಆಮೇಲೆ ಕೊಡುತ್ತೇನೆಂದ. ಪೌಂಡಿಗೊಂದರಂತೆ ಕೋಲಿಗೆ ಆರು ಕಚ್ಚು ಹಾಕಿ, ಕಚ್ಚುಗಳ ಮೇಲೆಯೇ ಉದ್ದಕ್ಕೆ ಸೀಳಿದರು. ಒಂದು ಸೀಳು ಥರ್‌ಸ್ಟನ್‌ಗೆ, ನಾನು ಹ್ಯಾಮಂಡ್‌ಗೆ. ಎರಡನ್ನೂ ಜೋಡಿಸಿದಾಗ ಬಿರುಕಿಲ್ಲದೆ ಕೂಡಬೇಕು. ಅದೇ ಸಾಕ್ಷಿ.

ಆ ಚಳಿಗಾಲ ಹ್ಯಾಮಂಡ್ ಜ್ವರದಿಂದ ತೀರಿಕೊಂಡ. ಸುಗ್ಗಿಯ ನಂತರ ಮನೆಯ ಗುತ್ತಿಗೆ ಮುಗಿಯುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಅವನ ಹೆಂಡತಿ ಏವಿಸ್‌ಗೆ ಇದ್ದದ್ದು ನಾನೊಬ್ಬನೇ. ಹುಳು ಹಿಡಿದೀತೆಂದು ಹೆದರಿ ಆಕೆ ನನಗೆ ಕೊಬ್ಬು ಸವರಿ, ಒಲೆಯ ಮೇಲೆ ಹಂದಿಮಾಂಸದ ಪಕ್ಕ ನೇತುಹಾಕಿದಳು. ಮಾಂಸವನ್ನು ಕೆಡದಂತೆ ಕಾಯುವ ಹೊಗೆ ನನ್ನನ್ನೂ ಕಾಯುತ್ತದೆಂದು ನಂಬಿದಳು. ಆ ಹೊಗೆಯ ಕಾವಿಗೆ ನಾನು ದಿನದಿನಕ್ಕೂ ಬಾಗಿದೆ. ಹೇಳಲು ನನಗೆ ಬಾಯಿಲ್ಲ.

ಸುಗ್ಗಿ ಹತ್ತಿರವಾದರೂ ಹಣ ಬಾರದಿದ್ದಾಗ ಏವಿಸ್ ದಾವೆ ಹೂಡಿದಳು. ಪೇಟೆಯ ನ್ಯಾಯಸಭೆಯಲ್ಲಿ ಥರ್‌ಸ್ಟನ್ ತನ್ನ ಸೀಳನ್ನು ನನ್ನ ಪಕ್ಕ ಹಿಡಿದ. ನಡುವೆ ಬೆರಳು ತೂರುವಷ್ಟು ಸಂದು.

"ಇದೇನಮ್ಮಾ, ಬಿಲ್ಲು ತಂದಿದ್ದೀಯ? ಬಾಣ ಮನೇಲೇ ಬಿಟ್ಟು ಬಂದ್ಯಾ?" ಎಂದ.

ಸಭೆ ನಕ್ಕಿತು.

"ಕಚ್ಚು ಎಣಿಸಿ ಸ್ವಾಮಿ, ಆರೇ ಇದಾವೆ," ಎಂದಳು ಏವಿಸ್.

"ಆರು ಕಚ್ಚು ನಾನೂ ಹಾಕ್ತೀನಿ, ಒಂದು ಚಾಕು ಕೊಡು!" ಎಂದ ವರ್ತಕ.

ದಾವೆ ಬಿದ್ದುಹೋಯಿತು. ಆಕೆ ಕೊನೆಯ ಕುರಿಯನ್ನು ಮಾರಿ, ರಾಜನ ಮಂತ್ರಿಗೆ ಅರ್ಜಿ ಬರೆಸಿದಳು. ಲಂಡನ್ನಿನವರೆಗೆ ನಡೆದೇ ಹೋದಳು. ಮಂತ್ರಿಯ ಕಚೇರಿಯ ಗುಮಾಸ್ತ ನನ್ನನ್ನು ಅರ್ಜಿಗೆ ದಾರದಿಂದ ಕಟ್ಟಿದ.

"ಇದನ್ನ ವಾಪಸ್ ಕೊಡ್ತೀರಾ, ಸ್ವಾಮಿ?"

"ಉತ್ತರ ಬಂದಾಗ ಕೊಡ್ತೀವಿ, ಹೋಗಮ್ಮ."

ಬಾಗಿಲವರೆಗೆ ಹೋದವಳು ಮರಳಿ ಬಂದು ನನ್ನನ್ನೊಮ್ಮೆ ಸವರಿ ಹೋದಳು.

ಆರನೆಯ ವರ್ಷ ಯಾರೋ ನಾವಿದ್ದ ಪೆಟ್ಟಿಗೆ ತೆರೆದು, ಅರ್ಜಿ ಬಿಚ್ಚಿ ಓದಿದರು. 'ಇಬ್ಬರನ್ನೂ ಕರೆಸಿ' ಎಂದು ಹಿಂಬದಿಯಲ್ಲಿ ಬರೆದರು. ಹೋದ ದೂತ ಒಬ್ಬನೇ ಮರಳಿದ. ಏವಿಸ್‌ಳ ಮನೆಯಲ್ಲಿ ಈಗ ಥರ್‌ಸ್ಟನ್‌ನ ಉಣ್ಣೆಯ ಮೂಟೆಗಳಿವೆಯಂತೆ. ಆಕೆ ಯಾವ ದಾರಿ ಹಿಡಿದಳೆಂದು ನೆರೆಯವರಿಗೂ ತಿಳಿಯದಂತೆ.

ಅರ್ಜಿಯನ್ನೂ ನನ್ನನ್ನೂ ಮತ್ತೆ ಪೆಟ್ಟಿಗೆಗೆ ಹಾಕಿದರು. ಈ ಕತ್ತಲಲ್ಲಿ ಬಹಳ ಯೋಚಿಸಿದ್ದೇನೆ. ಥರ್‌ಸ್ಟನ್ ಹಣವನ್ನಷ್ಟೇ ಕಸಿದ. ಅವಳ ಮಾತನ್ನು ಸುಳ್ಳಾಗಿಸಿದವನು ನಾನು, ಅದೂ ಅವಳದೇ ಅಕ್ಕರೆಯಿಂದ. ಅದು ಅವಳಿಗೆ ಎಂದಿಗೂ ಗೊತ್ತಾಗದಿರಲಿ.