ಸುಮ್ಮನೆ ಕೂತದ್ದು ವಾಸಿಯಲ್ಲ

ಹೇಳಿಬಿಡುತ್ತೇನೆ, ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನಮ್ಮ ಕಿರುಗಾವಲಿನ ಹೊಂಬಾಳಮ್ಮನ ಮನೆಯಲ್ಲಿ ಬೆಳಗಾದರೆ ಒಂದೇ ಕೂಗು: "ಗಗನಾ, ಕೂತ್ಕಳೇ." ಎಂಟು ವರ್ಷದ ಮೊಮ್ಮಗಳು. ಅರ್ಧ ಮುದ್ದೆ ತಿಂದು ಎದ್ದಳು, ನಲ್ಲಿ ತಿರುಗಿಸಿ ಮರೆತಳು, ಒಂದು ಜಡೆ ಹೆಣೆಯುವಷ್ಟರಲ್ಲಿ ಬೀದಿಗೆ ಓಡಿದಳು. ಸ್ಕೂಲಿನಲ್ಲಿ ಮೂರು ಸಲ ಜಾಗ ಬದಲಿಸಿದರು. ತಾಯಿ ನಯನ ಮಂಡ್ಯದ ಡಾಕ್ಟರಿಗೆ ತೋರಿಸಿದಳು. ಅವರು ನಾಲ್ಕಾರು ಸಲ ನೋಡಿ, ಇದು ಎಡಿಎಚ್‌ಡಿ ಎಂದರು, ಅಂದರೆ ಮನಸ್ಸು ಒಂದು ಕಡೆ ನಿಲ್ಲದ ತೊಂದರೆ; ಮಾತ್ರೆ ಬರೆದರು. ಎರಡು ತಿಂಗಳಲ್ಲಿ ಹುಡುಗಿ ಒಂದು ಪುಟ ಪೂರ್ತಿ ಬರೆದಳು.

ಹೊಂಬಾಳಮ್ಮ ಆ ಮಾತ್ರೆಯನ್ನು ತಿಪ್ಪೆಗೆ ಎಸೆದು, ಮೊಮ್ಮಗಳನ್ನು ಎಳೆದುಕೊಂಡು ಬಂದದ್ದು ನನ್ನ ಹತ್ತಿರ. ನಾನು ದೊಡ್ಡಸಿದ್ದಯ್ಯ. ನಲವತ್ತು ವರ್ಷ ಮಕ್ಕಳ ಹೊಟ್ಟೆಗೆ ಬರೆ ಹಾಕಿದವನು. ಕಾಮಾಲೆಗೆ, ಮೂರ್ಛೆಗೆ, ತುಂಟತನಕ್ಕೆ, ಎಲ್ಲಕ್ಕೂ ಅದೇ ಕಾದ ಕಬ್ಬಿಣದ ಕಡ್ಡಿ. ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಕಡ್ಡಿಯನ್ನು ಒಲೆಗೆ ಇಟ್ಟೆ. ಅಷ್ಟರಲ್ಲಿ ನಯನ ಓಡಿ ಬಂದಳು.

"ಅತ್ತೆ, ಬುಡಿ ಅವಳ್ನ."

"ಅದು ಉಚ್ಚಿನ್ ಮಾತ್ರೆ ಕಣಮ್ಮಿ. ನನ್ ತಮ್ಮ ಶಿವಣ್ಣ ಫೋನಲ್ಲಿ ತೋರ್ಸವ್ನೆ. ಜಪಾನಲ್ಲಿ ಅದ್ನ ಜೇಬಲ್ಲಿಟ್ಕಂಡ್ ಇಳುದ್ರೆ ಜೈಲಂತೆ. ಅಮೇರಿಕದೋರು ಪೆಪ್ಪರ್‌ಮೆಂಟಂಗೆ ಅಂಚ್ತಾರಂತೆ. ಯಾರ್ನ ನಂಬಾನ?"

"ನಾನೂ ಡಾಕ್ಟ್ರನ್ನ ಅದ್ನೇ ಕೇಳ್ದೆ. ಜಪಾನಲ್ಲಿ ಬ್ಯಾಡ ಅಂದಿರೋದು ಬ್ಯಾರೆ ಮಾತ್ರೆ, ಇವಳ್ದನ್ನ ಅಲ್ಲೂ ಬರೀತಾರೆ. ಒಂದ್ ದೇಸ್ದಲ್ಲಿ ಬಿರ್ನೆ ಕೊಡ್ತಾರೆ, ಇನ್ನೊಂದ್ ದೇಸ್ದಲ್ಲಿ ಮೊದ್ಲು ಬ್ಯಾರೆ ದಾರಿ ನೋಡ್ತಾರೆ. ಜಗಳ ಇರೋದು ಯಾವಾಗ ಕೊಡ್ಬೇಕು, ಎಷ್ಟು ಕೊಡ್ಬೇಕು ಅಂತ. ಮಗೀನ್ ಸುಡಿ ಅಂತ ಯಾವ್ ಡಾಕ್ಟ್ರು ಏಳವ್ರೆ ಅತ್ತೆ?"

"ನಿನ್ ಗಂಡಂಗೂ ಈ ಸಿದ್ದಣ್ಣನೇ ಆಕಿದ್ದು. ಅವ್ನೇನ್ ಸತ್ತೋದ್ನಾ?"

"ಈಗ್ಲೂ ನಿದ್ದೇಲಿ ಎರಡು ಕೈಲೂ ಒಟ್ಟೆ ಮುಚ್ಕತಾರೆ."

ಕಡ್ಡಿ ಕೆಂಪಾಗಿತ್ತು. ಅದನ್ನು ಕಂಡ ಗಗನ ಅಲುಗಾಡದೆ ಕೂತಳು.

"ನೋಡು, ಆಕೋಕ್ ಮುಂಚೇನೆ ವಾಸಿ ಆಯ್ತು," ಹೊಂಬಾಳಮ್ಮ ನಕ್ಕಳು.

ಹುಡುಗಿಯ ಲಂಗದ ಕೆಳಗೆ ನೆಲ ಒದ್ದೆಯಾಗುತ್ತಿತ್ತು. ನನ್ನ ಮುಂದೆ ಎಷ್ಟು ಮಕ್ಕಳು ಹೀಗೇ ಕೂತಿದ್ದವೋ! ಹೆದರಿ ಕೂತದ್ದನ್ನೇ ನಾನು ವಾಸಿ ಎಂದೆ, ಹೆತ್ತವರು ಕೈ ಮುಗಿದು ಹೋದರು.

ಕಡ್ಡಿಯನ್ನು ನೀರಿಗೆ ಅದ್ದಿದೆ.

"ಇದು ವಾಸಿ ಅಲ್ಲ ಕಣವ್ವ, ಎದ್ರಿಕೆ. ನಾನಾಕಲ್ಲ."

"ನೀನಲ್ದಿದ್ರೆ ಬಂಡೂರಲ್ಲಿ ಬರೆ ಆಕೋ ಸಿದ್ದೇಶ್ ಅವ್ನೆ."

"ಅವಂಗೆ ಕಲ್ಸಿದೋನೂ ನಾನೇ. ನಡಿ, ನಾನೂ ಬತ್ತೀನಿ. ನಿನ್ ಮಗನ್ ನಿದ್ದೆ ಕೆಡ್ಸಿದ್ದು ನಾನು ಅಂತ ಅಲ್ಲೇ ನಾಕ್ ಜನದ್ ಮುಂದೆ ಏಳ್ತೀನಿ."

ಅವಳು ಮೊಮ್ಮಗಳ ರಟ್ಟೆ ಹಿಡಿದು ರಸ್ತೆಗೆ ನಡೆದಳು. ಇನ್ನೊಂದು ಕೈಯನ್ನು ನಯನ ಬಿಡಲಿಲ್ಲ. ನಾನೂ ಹಿಂದೆಯೇ ಹೋದೆ. ಬಂಡೂರಿನ ಕಡೆಯ ಬಸ್ಸು ಬಂತು. ಹೊಂಬಾಳಮ್ಮ ಕೈ ಎತ್ತಬೇಕು, ಅಷ್ಟೆ. ಒದ್ದೆ ಲಂಗ ಕಾಲಿಗೆ ಅಂಟಿಸಿಕೊಂಡು ನಿಂತ ಮಗುವನ್ನು ನೋಡಿದಳು. ಕೈ ಎತ್ತಲಿಲ್ಲ. ಬಸ್ಸು ಹೊರಟುಹೋಯಿತು.

"ಮಂಡ್ಯದ್ ಬಸ್ಸು ಎಷ್ಟೊತ್ಗೆ?" ಎಂದು ಸೊಸೆಯನ್ನು ಕೇಳಿದಳು, ಮುಖ ತಿರುಗಿಸಿಕೊಂಡೇ.